ನೆರಳು ಬರಲು ತಡವಾಯಿತು

ಕಂಪ್ಯೂಟರ್ ಆಟಗಳೆಲ್ಲ ಯಾಕೆ ಸುರಂಗದಲ್ಲಿ, ನೆಲಮಾಳಿಗೆಯಲ್ಲಿ, ಅದೂ ರಾತ್ರಿ ಹೊತ್ತಿನಲ್ಲೇ ನಡೆಯುತ್ತವೆ ಎಂದು ಯಾರಾದರೂ ಕೇಳಿದರೆ ಕಥೆ ಬರೆದವರನ್ನು ದೂರಬೇಡಿ. ಬಹಳ ವರ್ಷ ಅದಕ್ಕೆ ಕಾರಣವಾಗಿದ್ದದ್ದು ಲೆಕ್ಕ. ಬಟ್ಟಬಯಲಿನ ಒಂದು ಮಧ್ಯಾಹ್ನವನ್ನು ಪರದೆಯ ಮೇಲೆ ತರುವುದಕ್ಕಿಂತ ಕತ್ತಲಕೋಣೆಯಲ್ಲಿ ಹತ್ತು ರಾಕ್ಷಸರನ್ನು ನಿಲ್ಲಿಸುವುದು ಎಷ್ಟೋ ಅಗ್ಗ. ಗೋಡೆ ಇದ್ದರೆ ಅದರಾಚೆ ಏನಿದೆ ಎಂದು ಬರೆಯಬೇಕಾಗಿಲ್ಲ. ಕತ್ತಲಿದ್ದರೆ ಬೆಳಕು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಯಾರೂ ವಿಚಾರಿಸುವುದಿಲ್ಲ. ಈ ಆಟಗಳ ಚಿತ್ರ ‘ನಿಜ’ದ ಹತ್ತಿರ ಬಂದ ಕಥೆಯೆಂದರೆ ನನ್ನ ಪಾಲಿಗೆ ಬೆಳಕಿನ ಕಥೆಯೇ. ಆಕಾರ ಬೇಗ ಬಂತು. ಬಣ್ಣವೂ ಬಂತು. ನೆರಳು ಮಾತ್ರ ಆಮೆಯ ಹಾಗೆ ನಡೆದುಕೊಂಡು ಬಂತು.

ಮೊದಲಿನಿಂದ ಹೇಳುತ್ತೇನೆ. ಐಬಿಎಂ ಪಿಸಿ 1981ರಲ್ಲಿ ಬಂದಾಗ ಅದರ ಸಿಜಿಎ ಪರದೆಯಲ್ಲಿ ಆಟಕ್ಕೆ ಸಿಗುತ್ತಿದ್ದದ್ದು ಒಟ್ಟಿಗೆ ನಾಲ್ಕೇ ಬಣ್ಣ. ಹೆಚ್ಚಿನ ಆಟಗಳಲ್ಲಿ ಕಪ್ಪು, ಬಿಳಿ, ಒಂದು ತೆಳುನೀಲಿ, ಒಂದು ಕಣ್ಣುಕುಕ್ಕುವ ನೇರಳೆಗೆಂಪು. ಹುಲ್ಲೂ ಅದರಲ್ಲೇ, ಮುಖವೂ ಅದರಲ್ಲೇ. 1987ರಲ್ಲಿ ವಿಜಿಎ ಬಂದ ಮೇಲೆ 256 ಬಣ್ಣ ದೊರೆಯಿತು. ಅಗಲಕ್ಕೆ 320 ಚುಕ್ಕಿ, ಎತ್ತರಕ್ಕೆ 200. ಒಟ್ಟು 64,000 ಚುಕ್ಕಿಗಳ ರಂಗೋಲಿ. ಸುಮಾರು ಹತ್ತು ವರ್ಷ ಪಿಸಿ ಆಟಗಳ ಜಗತ್ತು ಹೆಚ್ಚುಕಡಿಮೆ ಈ ರಂಗೋಲಿಯೊಳಗೇ ಇತ್ತು.

ನಮ್ಮ ದೇಶದ ಕಂಪ್ಯೂಟರ್ ಕ್ಲಾಸುಗಳಲ್ಲಿ ಮೇಷ್ಟ್ರು ಆಚೆ ಹೋದ ಕೂಡಲೇ ತೆರೆಯುತ್ತಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ’ ನಿಮಗೂ ನೆನಪಿರಬಹುದು. ಜೋರ್ಡನ್ ಮೆಕ್ನರ್ ಅದನ್ನು 1989ರಲ್ಲಿ ಆಪಲ್ ಯಂತ್ರಕ್ಕೆ ಮಾಡಿದ, ಮರುವರ್ಷ ಪಿಸಿಗೆ ಬಂತು. ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೋ ಹಿಡಿದು, ಒಂದೊಂದೇ ಚೌಕಟ್ಟನ್ನು ಕೈಯಲ್ಲಿ ತಿದ್ದಿ ರಾಜಕುಮಾರನ ನಡಿಗೆ ಮಾಡಿದವನು ಅವನು. ಅಂಚು ಹಿಡಿದು ನೇತಾಡಿ ಮೇಲೆ ಹತ್ತುವಾಗ ಆ ದೇಹಕ್ಕೆ ಭಾರ ಇತ್ತು. ಆದರೆ ಗೋಡೆಯ ಪಂಜನ್ನು ಗಮನಿಸಿ. ಜ್ವಾಲೆ ಲಕಲಕ ಅನ್ನುತ್ತದೆ, ಪಕ್ಕದ ಕಲ್ಲಿನ ಮೇಲೆ ಒಂದು ಹನಿ ಬೆಳಕೂ ಬೀಳುವುದಿಲ್ಲ. ನಡಿಗೆ ನಿಜ, ಬೆಂಕಿ ಸುಳ್ಳು. ಮುಂದಿನ ಮೂವತ್ತು ವರ್ಷದ ಕೆಲಸ ಏನಿತ್ತು ಎಂಬುದು ಆ ಒಂದು ಪಂಜಿನಲ್ಲೇ ಇದೆ.

ನಾನು ಈ ಚರಿತ್ರೆಯನ್ನು ಓದಿ ತಿಳಿಯುವ ಮೊದಲು ಕೈಯಲ್ಲಿ ಹಿಡಿದು ನೋಡಿದವನು. 1997ರಲ್ಲಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದು ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸಕ್ಕೆ ಸೇರಿದೆ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಡೊಂಬಿವಲಿಯ ಖೋಲಿಯಲ್ಲಿ ನಾವು ಐದು ಜನ, ಉಳಿದ ನಾಲ್ವರೂ ಹೋಟೆಲಿನವರು. ಹೊಸ ಮಾಲು ಬಂದ ದಿನ ಶಟರ್ ಎಳೆದ ಮೇಲೆ ಪರೀಕ್ಷೆಯ ನೆಪದಲ್ಲಿ ಒಂದು ಆಟ ಹಾಕಿ ನೋಡುವುದಕ್ಕೆ ಸೇಠ್ ಅಡ್ಡಿ ಮಾಡುತ್ತಿರಲಿಲ್ಲ. ಹಾಗೆ ನೋಡುವಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಅಳತೆಗೋಲು ಇರುತ್ತಿತ್ತು. ನಮ್ಮ ಊರಮನೆಯ ಚಾವಡಿಯಲ್ಲಿ ಕಾವಿ ನೆಲ, ಸುಣ್ಣ ಬಳಿದ ಗೋಡೆ, ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಹನ್ನೊಂದು ಗಂಟೆಯ ಹೊತ್ತಿಗೆ ಆ ಹೆಂಚಿನಿಂದ ಬಿಸಿಲಿನ ಒಂದು ಕೋಲು ಇಳಿದು ಕಾವಿ ನೆಲದ ಮೇಲೆ ನಿಲ್ಲುತ್ತಿತ್ತು. ಆಗ ಬಿಳಿ ಗೋಡೆಯ ಬುಡ ತಾನಾಗಿ ಕೆಂಪೇರುತ್ತಿತ್ತು. ಈ ಪೆಟ್ಟಿಗೆಗೆ ಆ ಕೆಂಪು ಬರೆಯಲು ಬರುತ್ತದೋ ಇಲ್ಲವೋ? ಇದು ನನ್ನ ಪರೀಕ್ಷೆ. ಬಹಳ ಕಾಲ ಯಾವ ಕಾರ್ಡೂ ಇದರಲ್ಲಿ ಪಾಸಾಗಲಿಲ್ಲ.

ವಿಚಿತ್ರವೆಂದರೆ ಲೆಕ್ಕ ಗೊತ್ತಿಲ್ಲದೆ ತಡವಾದದ್ದಲ್ಲ. ಲೆಕ್ಕ ಆಗಲೇ ಕಾಗದದ ಮೇಲಿತ್ತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಆನ್ರಿ ಗೂರೋ 1971ರಲ್ಲಿ ತಗ್ಗುದಿಣ್ಣೆಯ ಮೇಲ್ಮೈಗೆ ನಯವಾದ ಛಾಯೆ ಕೊಡುವ ದಾರಿ ತೋರಿಸಿದ. ಅಲ್ಲೇ ಎಡ್ ಕ್ಯಾಟ್‌ಮಲ್ 1974ರಲ್ಲಿ ಬಾಗಿದ ಮೇಲ್ಮೈಗೆ ಚಿತ್ರವನ್ನು ಅಂಟಿಸುವ ವಿಧಾನ ಬರೆದ. ವಿಯೆಟ್ನಾಮಿನ ಬುಯಿ ತುವಾಂಗ್ ಫಾಂಗ್ ಹೊಳಪನ್ನು ಲೆಕ್ಕಕ್ಕೆ ಇಳಿಸಿದ. ಅವನ ಲೇಖನ ಅಚ್ಚಾದ 1975ರಲ್ಲೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ, ಆಗಿನ್ನೂ ಎಳೆಯ ಪ್ರಾಯ. ಇವತ್ತಿಗೂ ಆಟ ಬರೆಯಲು ಕಲಿಯುವ ಹುಡುಗರು ಮೊದಲು ಕಲಿಯುವ ಹೊಳಪು ಫಾಂಗನದ್ದೇ. 1980ರಲ್ಲಿ ಬೆಲ್ ಲ್ಯಾಬ್ಸಿನ ಟರ್ನರ್ ವಿಟೆಡ್ ಕಣ್ಣಿನಿಂದ ಹೊರಟ ಕಿರಣ ಗಾಜಿಗೆ ತಾಗಿ, ಬಾಗಿ, ಪುಟಿದು ದೀಪದ ಕಡೆ ಹೋಗುವ ದಾರಿಯನ್ನು ಬೆನ್ನಟ್ಟುವ ಲೇಖನ ಪ್ರಕಟಿಸಿದ. ಎರಡು ಗೋಲಿ, ಒಂದು ಚದುರಂಗದ ಹಾಸು, ಇಷ್ಟೇ ಇದ್ದ ಅವನ ಚಿತ್ರಕ್ಕೆ ಆಗಿನ ವ್ಯಾಕ್ಸ್ ಯಂತ್ರ ತೆಗೆದುಕೊಂಡದ್ದು 74 ನಿಮಿಷ.

ಆಟಕ್ಕೆ 74 ನಿಮಿಷ ಎಲ್ಲಿಂದ ತರುವುದು? ಕೀಲಿ ಒತ್ತಿದರೆ ಮನುಷ್ಯ ತಿರುಗಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದಕ್ಕೆ ಸಿಗುವುದು ಹದಿನಾರು ಹದಿನೇಳು ಮಿಲಿಸೆಕೆಂಡು. ಗುಣಿಸಿ ನೋಡಿದರೆ ವಿಟೆಡ್‌ನ ಯಂತ್ರಕ್ಕಿಂತ ಎರಡೂವರೆ ಲಕ್ಷ ಪಟ್ಟಿಗೂ ಮಿಕ್ಕಿ ವೇಗ ಬೇಕು. ಸಿನಿಮಾದವರಿಗೆ ಈ ಕಷ್ಟ ಇರಲಿಲ್ಲ. 1995ರ ‘ಟಾಯ್ ಸ್ಟೋರಿ’ಯ ಒಂದೊಂದು ಚೌಕಟ್ಟಿಗೆ ಗಂಟೆಗಟ್ಟಲೆ ಯಂತ್ರ ಕೂತು ಬೆಂದಿದೆ, ನೋಡುವವನಿಗೆ ಅದರ ಗೊಡವೆ ಇಲ್ಲ. ಆಟದವರು ಹಾಗೆ ಕಾಯುವ ಹಾಗಿಲ್ಲದ್ದರಿಂದ ಕಳ್ಳದಾರಿ ಹುಡುಕಿದರು. ನಿಜಕ್ಕೂ ಈ ಚರಿತ್ರೆಯಲ್ಲಿ ಮಜಾ ಇರುವುದು ಕಳ್ಳದಾರಿಗಳಲ್ಲೇ.

ಐಡಿ ಸಾಫ್ಟ್‌ವೇರ್ ಎಂಬ ಟೆಕ್ಸಾಸಿನ ಸಣ್ಣ ಗುಂಪು 1992ರಲ್ಲಿ ‘ವೂಲ್ಫನ್‌ಸ್ಟೈನ್ 3ಡಿ’ ಹೊರತಂದಿತು. ಎಲ್ಲ ಗೋಡೆಯೂ ಒಂದೇ ಎತ್ತರ, ಎಲ್ಲ ಮೂಲೆಯೂ ನೇರ ಕೋನ. ನೆಲಕ್ಕೆ, ಮಾಡಿಗೆ ಒಂದೊಂದು ಬಣ್ಣ ಬಳಿದು ಮುಗಿಸಿದ್ದಾರೆ. ಬೆಳಕು ಎಂಬುದೇ ಇಲ್ಲ. ಆದರೆ ಒಂದು ದಿಕ್ಕಿನ ಗೋಡೆಗಳಿಗೆ ಇಟ್ಟ ಚಿತ್ರವನ್ನೇ ಇನ್ನೊಂದು ದಿಕ್ಕಿನವಕ್ಕೆ ಸ್ವಲ್ಪ ಕಪ್ಪು ಮಾಡಿ ಇಟ್ಟರು. ಅಷ್ಟರಿಂದಲೇ ಮೂಲೆ ಮೂಲೆಯ ಹಾಗೆ ಕಂಡಿತು! ಮರುವರ್ಷ ಡಿಸೆಂಬರಿನಲ್ಲಿ ಬಂದ ‘ಡೂಮ್’ನಲ್ಲಿ ಮೆಟ್ಟಿಲು ಬಂತು, ಕಿಟಕಿ ಬಂತು, ದೂರ ಹೋದಂತೆ ಕತ್ತಲು ದಟ್ಟವಾಯಿತು. ಬೆಳಕಿನಿಂದ ಕತ್ತಲಿಗೆ 32 ಮೆಟ್ಟಿಲು, ಒಂದೊಂದು ಕೋಣೆಗೂ ಒಂದೊಂದು ಮಟ್ಟ. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಮಾತ್ರ ಸಾಧ್ಯವಿರಲಿಲ್ಲ. ಕೆಲವು ರಾಕ್ಷಸರನ್ನು ಜೇಡಿಮಣ್ಣಿನಲ್ಲಿ ಗೊಂಬೆ ಮಾಡಿ, ಎಂಟು ಕಡೆಯಿಂದ ಚಿತ್ರ ಹಿಡಿದು ಒಳಗಿಟ್ಟಿದ್ದರು. ನೀವು ಸುತ್ತ ಹೋದರೆ ರಾಕ್ಷಸ ತಿರುಗುವುದಿಲ್ಲ, ಹಲಗೆ ಬದಲಾಗುತ್ತದೆ.

ಇದನ್ನು ಕೊರತೆ ಅಂತ ನಾನು ಹೇಳುವುದಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಇರುವುದು ಒಂದು ಮರದ ರಥ. ಅದೇ ಸಿಂಹಾಸನ, ಅದೇ ಬೆಟ್ಟ, ಅದೇ ರಥ. ಬೆಳಗಿನ ಜಾವದವರೆಗೆ ಕೂತ ನಮ್ಮವರು ಯಾರೂ ‘ಕುದುರೆ ಎಲ್ಲಿ’ ಎಂದು ಎದ್ದು ಕೇಳಿದ್ದಿಲ್ಲ. ಡೂಮ್ ಆಡಿದವನು ಬೆನ್ನಹಿಂದೆ ಸದ್ದಾದಾಗ ಕುರ್ಚಿಯಲ್ಲೇ ಬೆಚ್ಚಿದ್ದು ಅದೇ ಕಾರಣಕ್ಕೆ. ಉಳಿದದ್ದನ್ನು ತಲೆ ತುಂಬಿಕೊಳ್ಳುತ್ತಿತ್ತು. ತೊಂದರೆ ಶುರುವಾದದ್ದು ಆಮೇಲೆ, ಆಟ ಎಲ್ಲವನ್ನೂ ತಾನೇ ತೋರಿಸುತ್ತೇನೆ ಎಂದು ಹೊರಟಾಗ.

1996ರ ಜೂನಿನಲ್ಲಿ ‘ಕ್ವೇಕ್’ ಬಂತು. ಇಲ್ಲಿ ಗೋಡೆಯೂ ರಾಕ್ಷಸನೂ ನಿಜವಾದ ಮೂರು ಆಯಾಮದವರು, ತ್ರಿಕೋನ ಹಲಗೆಗಳನ್ನು ಹೊಲಿದು ಮಾಡಿದವರು. ಬೆಳಕಿಗೆ ಅವರು ಹೂಡಿದ ಉಪಾಯ ದೊಡ್ಡದು. ಆಡುವಾಗ ಲೆಕ್ಕ ಹಾಕಲು ಪುರುಸೊತ್ತಿಲ್ಲ ತಾನೇ? ಹಾಗಾದರೆ ಆಟ ಮಾಡುವಾಗಲೇ ಹಾಕಿಬಿಡೋಣ! ಯಾವ ದೀಪದಿಂದ ಯಾವ ಗೋಡೆಗೆ ಎಷ್ಟು ಬೆಳಕು ಎಂಬುದನ್ನು ತಮ್ಮ ಕಚೇರಿಯ ಯಂತ್ರದಲ್ಲಿ ಮೊದಲೇ ಬೇಯಿಸಿ, ಗೋಡೆಗೆ ಅಂಟಿಸಿ ಕೊಟ್ಟರು. ನೋಡಲು ಚೆಂದ. ಆದರೆ ಹಾಗೆ ಅಂಟಿಸಿದ ಬೆಳಕು ಮದುವೆಮನೆಯ ಫೋಟೋದ ಹಾಗೆ. ಆಮೇಲೆ ಬಂದವರು ಅದರಲ್ಲಿಲ್ಲ. ಕಂಬದ ನೆರಳು ಬೀಳುತ್ತದೆ, ನೀವು ಹಾದುಹೋದರೆ ನಿಮ್ಮದು ಬೀಳುವುದಿಲ್ಲ. 1997ರ ಕೊನೆಗೆ ‘ಕ್ವೇಕ್ 2’ ಬಂದಾಗ ಇದಕ್ಕೆ ಇನ್ನೊಂದು ಸೇರಿತು. ಒಂದು ಗೋಡೆಗೆ ತಾಗಿದ ಬೆಳಕು ಆ ಬಣ್ಣ ಹೊತ್ತು ಇನ್ನೊಂದಕ್ಕೆ ಪುಟಿಯುವ ಲೆಕ್ಕ, ಕಾರ್ನೆಲ್ ವಿಶ್ವವಿದ್ಯಾಲಯದವರು 1984ರಲ್ಲಿ ಬರೆದಿಟ್ಟದ್ದು. ನನ್ನ ಕಾವಿ ನೆಲದ ಕೆಂಪು ಸುಣ್ಣದ ಗೋಡೆಗೆ ಹತ್ತುವುದು ಇದೇ ಲೆಕ್ಕದಲ್ಲಿ. ಅಂದರೆ ಕೆಂಪು ಬರುತ್ತಿತ್ತು, ಬೇಯಿಸಿಟ್ಟ ತಂಗಳು ಕೆಂಪು. ಹೊತ್ತು ಏರಿದರೆ ಬಿಸಿಲುಕೋಲು ಸರಿಯುವುದಿಲ್ಲ.

ಅಷ್ಟರಲ್ಲಿ ನಮ್ಮ ಅಂಗಡಿಯ ಕಪಾಟಿಗೆ ಹೊಸ ಸರಕು ಬಂದಿತ್ತು. 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡು, 1996ರದ್ದು. ಅದೊಂದನ್ನೇ ಹಾಕಿದರೆ ಕಂಪ್ಯೂಟರ್ ತೆರೆಯುವುದೇ ಇಲ್ಲ. ಮೊದಲೇ ಇದ್ದ ಕಾರ್ಡಿಗೆ ಹಿಂದಿನಿಂದ ಒಂದು ಗಿಡ್ಡ ಕೇಬಲ್ ಸಿಕ್ಕಿಸಿ ಜೊತೆ ಮಾಡಬೇಕಿತ್ತು. 1997ರ ‘ನೀಡ್ ಫಾರ್ ಸ್ಪೀಡ್ 2’ರ ವಿಶೇಷ ಆವೃತ್ತಿಯನ್ನು ಅದಿಲ್ಲದೆ ಒಮ್ಮೆ, ಅದರೊಡನೆ ಒಮ್ಮೆ ಓಡಿಸಿ ತೋರಿಸಿದರೆ ಗಿರಾಕಿ ಮರುಮಾತಾಡುತ್ತಿರಲಿಲ್ಲ. ಹತ್ತಿರ ಹೋದರೆ ಇಟ್ಟಿಗೆ ಇಟ್ಟಿಗೆಯಾಗಿ ಒಡೆಯುತ್ತಿದ್ದ ರಸ್ತೆ ಬೆಣ್ಣೆಯ ಹಾಗೆ ನಯವಾಗುತ್ತಿತ್ತು. ಎನ್‌ವಿಡಿಯಾ 1999ರಲ್ಲಿ ಜೀಫೋರ್ಸ್ 256 ತಂದು ‘ಜಿಪಿಯು’ ಎಂಬ ಮಾತನ್ನು ಎಲ್ಲರ ಬಾಯಿಗೆ ಹಾಕಿತು. 2000ದ ಡಿಸೆಂಬರಿನಲ್ಲಿ 3ಡಿಎಫ್‌ಎಕ್ಸ್‌ನ ಆಸ್ತಿಯನ್ನೂ ಅದೇ ಕೊಂಡಿತು. ಕಂಪನಿಗಳ ಜಗಳದ ಕಥೆ ಬೇರೆಯೇ ಇದೆ, ಇಲ್ಲಿ ಬೇಡ.

ನಮಗೆ ಬೇಕಾದದ್ದು 2001. ಆ ವರ್ಷದ ಜೀಫೋರ್ಸ್ 3ರಿಂದ ಕಾರ್ಡು ತಾನು ಕಲಿತುಬಂದ ನಾಲ್ಕು ಕೆಲಸವನ್ನಷ್ಟೇ ಮಾಡುವ ಆಳಾಗಿ ಉಳಿಯಲಿಲ್ಲ. ಒಂದೊಂದು ಚುಕ್ಕಿಗೂ ಏನು ಮಾಡಬೇಕೆಂದು ಆಟ ಬರೆಯುವವನೇ ಸಣ್ಣ ಪ್ರೋಗ್ರಾಂ ಬರೆದು ಒಳಗೆ ಕಳಿಸಬಹುದಾಯಿತು. ಅದಕ್ಕೆ ಶೇಡರ್ ಎಂದು ಹೆಸರು. ಇದರ ಫಲ ಮೊದಲು ಕಣ್ಣಿಗೆ ಬಿದ್ದದ್ದು ನೀರಿನಲ್ಲಿ. 2002ರ ‘ಮೊರೋವಿಂಡ್’ನ ನೀರು ಆಕಾಶವನ್ನು ಹಿಡಿದು ಅಲುಗಾಡುತ್ತಿತ್ತು, ಮಳೆ ಬಿದ್ದರೆ ಹನಿಹನಿಗೂ ಉಂಗುರ ಏಳುತ್ತಿತ್ತು. ಅಂಥ ಕಾರ್ಡು ಇದ್ದವರಿಗೆ ಮಾತ್ರ. ಅಗ್ಗದವುಗಳಲ್ಲಿ ಆ ನೀರು ಕಾಣುತ್ತಿರಲಿಲ್ಲ. ಖೋಲಿಯಲ್ಲಿ ನಾನೇ ಜೋಡಿಸಿದ ಹಳೆ ಪೆಟ್ಟಿಗೆಗೆ ರವಿವಾರದ ಮಟ್ಟಿಗೆ ಒಂದು ಒಳ್ಳೆ ಕಾರ್ಡು ಕೇಳಿ ತಂದು ಹಾಕಿದ್ದೆ. ಕುಂದಾಪುರದ ಹುಡುಗನೊಬ್ಬ ಹೋಟೆಲಿನಿಂದ ಬಂದವನು ಅಂಗಿ ಕಳಚುತ್ತಾ ಹಿಂದೆ ನಿಂತು, “ಹ್ವಾಯ್, ಇದ್ ನಮ್ ಹೊಳಿ ಕಂಡ್ಹಾಂಗೇ ಇತ್ತಲೆ!” ಅಂದ. ಸ್ವಲ್ಪ ಹೊತ್ತು ನೋಡಿ, “ಇದ್ರಗ್ ಮೀನ್ ಇತ್ತಾ?” ಅಂತಲೂ ಕೇಳಿದ. ಇತ್ತು, ಕಚ್ಚುವ ಜಾತಿಯದ್ದು.

2004ನೇ ಇಸವಿಯನ್ನು ನಾನು ಇಡೀ ಚರಿತ್ರೆಯ ನಡುಗಂಬ ಎನ್ನುತ್ತೇನೆ. ಆ ವರ್ಷ ಎರಡು ಆಟ, ಎರಡು ಪಂಥ. ಆಗಸ್ಟಿನಲ್ಲಿ ಬಂದ ‘ಡೂಮ್ 3’ ಬೇಯಿಸಿದ ಬೆಳಕನ್ನೆಲ್ಲ ಹೊರಗೆಸೆದು, ದೀಪವನ್ನೂ ನೆರಳನ್ನೂ ಆಡುತ್ತಿರುವಾಗಲೇ ಲೆಕ್ಕ ಹಾಕಿತು. ನೇತಾಡುವ ದೀಪ ತೂಗಿದರೆ ಕೋಣೆಯ ನೆರಳೆಲ್ಲ ತೂಗುತ್ತಿತ್ತು. ರಾಕ್ಷಸನಿಗಿಂತ ಮೊದಲು ಅವನ ನೆರಳು ಬರುತ್ತಿತ್ತು. ಕೊನೆಗೂ ಪಂಜು ಗೋಡೆಯನ್ನು ಬೆಳಗಿತು! ಬೆಲೆ ಏನು ಗೊತ್ತೇ? ಬೆಳಕು ಒಮ್ಮೆ ಮಾತ್ರ ತಾಗುತ್ತದೆ, ಪುಟಿಯುವುದಿಲ್ಲ. ನೇರ ದೀಪ ಬೀಳದ ಜಾಗ ಕಾಡಿಗೆ. ಅದಕ್ಕೇ ಇಡೀ ಆಟ ಮಂಗಳ ಗ್ರಹದ ಒಂದು ಕತ್ತಲೆ ಠಾಣೆಯಲ್ಲಿ. ಬಂದೂಕು ಹಿಡಿದರೆ ಟಾರ್ಚ್ ಇಲ್ಲ, ಟಾರ್ಚ್ ಹಿಡಿದರೆ ಬಂದೂಕಿಲ್ಲ ಎಂಬ ನಿಯಮ ಬೇರೆ. ಆಟಗಾರರು ಅದಕ್ಕೆ ಮಾಡಿಕೊಂಡ ತಿದ್ದುಪಡಿಗೆ ಬಂದೂಕಿಗೆ ಟಾರ್ಚ್ ಸುತ್ತುವ ಟೇಪಿನ ಹೆಸರನ್ನೇ ಇಟ್ಟರು. ನವೆಂಬರಿನಲ್ಲಿ ಬಂದ ‘ಹಾಫ್-ಲೈಫ್ 2’ ಇದಕ್ಕೆ ವಿರುದ್ಧ. ಬೆಳಕು ಬೇಯಿಸಿದ್ದೇ, ಆದರೆ ಪುಟಿದದ್ದು. ಹಾಗಾಗಿ ಅಲ್ಲಿ ಹಗಲಿದೆ, ಮೋಡದ ಆಕಾಶವಿದೆ, ಹಳೆಯ ಕಟ್ಟಡದ ಮೆಟ್ಟಿಲಲ್ಲಿ ಧೂಳಿನ ಮಬ್ಬಿದೆ. ಮನುಷ್ಯರ ಮುಖಕ್ಕೆ ಪಾಲ್ ಎಕ್‌ಮನ್ ಎಂಬ ಮನೋವಿಜ್ಞಾನಿ ಮುಖದ ಸ್ನಾಯುಗಳನ್ನು ವಿಂಗಡಿಸಿದ ಪದ್ಧತಿಯನ್ನು ಬಳಸಿದರು. ನಾನು ಯಾವ ಕಡೆ ಅಂತ ಕೇಳಿದರೆ, ಕಣ್ಣಿಗೆ ಎರಡನೆಯದು, ಎದೆಗಾರಿಕೆಗೆ ಮೊದಲನೆಯದು. ಚಾವಡಿಯ ಬಿಸಿಲುಕೋಲಿಗೆ ಇವೆರಡೂ ಒಟ್ಟಿಗೆ ಬೇಕಿತ್ತು: ಸರಿಯಲೂ ಬೇಕು, ಪುಟಿಯಲೂ ಬೇಕು.

ಅದಕ್ಕೆ ಇನ್ನೂ ಹದಿನಾಲ್ಕು ವರ್ಷ ಹಿಡಿಯಿತು. ನಡುವೆ 2007ರ ‘ಕ್ರೈಸಿಸ್’ ಬಯಲಿಗೆ ಬಂದು ತೆಂಗು, ಹುಲ್ಲು, ಕಡಲತೀರವನ್ನು ಹಾಡುಹಗಲಿನಲ್ಲಿ ತೋರಿಸಿತು. ಅಂಗಡಿಗೆ ಬಂದವರು ‘ಇದರಲ್ಲಿ ಕ್ರೈಸಿಸ್ ಓಡುತ್ತಾ’ ಎಂದೇ ವ್ಯಾಪಾರ ಶುರುಮಾಡುತ್ತಿದ್ದರು. ಸರಿಯಾಗಿ ಓಡುವ ಯಂತ್ರ ಆ ವರ್ಷ ಸಿಗುವುದೇ ಕಷ್ಟವಾಗಿತ್ತು. ಪ್ರೊಸೆಸರಿನ ಒಂದೊಂದು ಕೋರಿನ ವೇಗ ಏರುತ್ತಲೇ ಹೋಗುತ್ತದೆ ಎಂದು ನಂಬಿ ಬರೆದ ಆಟ ಅದು. ಅಷ್ಟರಲ್ಲಿ ಉದ್ಯಮ ವೇಗ ಬಿಟ್ಟು ಕೋರಿನ ಸಂಖ್ಯೆ ಹೆಚ್ಚಿಸುವ ದಾರಿ ಹಿಡಿದಿತ್ತು. ಅದೇ ಆಟದಲ್ಲಿ ಮೂಲೆಮುಡುಕು, ಮೇಜಿನ ಅಡಿ, ಕಲ್ಲಿನ ಸಂದು ತುಸು ಕಪ್ಪಾಗುವಂತೆ ಮಾಡುವ ಒಂದು ಉಪಾಯ ಬಂತು. ಬೆಳಕು ಪುಟಿಯುವುದಿಲ್ಲ, ಪುಟಿದಂತೆ ತೋರುತ್ತದೆ. ಎಲ್ಲರೂ ಅದನ್ನು ಎತ್ತಿಕೊಂಡರು. 2012ರಲ್ಲಿ ಡಿಸ್ನಿಯವರು ತಮ್ಮ ಸಿನಿಮಾಕ್ಕೆ ಮಾಡಿಕೊಂಡ ವಸ್ತುಗುಣದ ಲೆಕ್ಕವನ್ನು ಬಹಿರಂಗಪಡಿಸಿದ ಮೇಲೆ ಆಟಗಳಲ್ಲೂ ತಾಮ್ರ ತಾಮ್ರವಾಯಿತು, ಒದ್ದೆ ಮರ ಒದ್ದೆ ಮರವಾಯಿತು. ಅದಕ್ಕೆ ಮುಂಚೆ ಎಲ್ಲವೂ ಪ್ಲಾಸ್ಟಿಕ್ಕಿಗೆ ಬಣ್ಣ ಬಳಿದ ಹಾಗೆ ಇತ್ತು ಎಂಬುದು ನಮಗೆ ಗೊತ್ತಾದದ್ದೂ ಆಮೇಲೆಯೇ.

ಪ್ರತಿ ಸಲವೂ ಹೀಗೆಯೇ. ಊರಿಗೆ ಮೊದಲ ಸಲ ಎಸ್‌ಟಿಡಿ ಬೂತಿನಿಂದ ಮಾತಾಡಿದಾಗ ಅಮ್ಮ ‘ಎದುರಿಗೇ ಕೂತ ಹಾಗೆ ಕೇಳುತ್ತದೆ’ ಎಂದಿದ್ದರು. ಆಮೇಲೆ ಮೊಬೈಲ್ ಬಂದಾಗಲೂ ಅದೇ ಮಾತು, ವಿಡಿಯೋ ಕಾಲ್ ಬಂದಾಗಲೂ ಅದೇ ಮಾತು.

ಈ ಕೆಲಸದಲ್ಲಿ ನಮ್ಮವರ ಕೈಯೂ ಇದೆ ಎಂಬುದನ್ನು ಇಲ್ಲಿ ಹೇಳಬೇಕು. ಬೆಂಗಳೂರಿನಲ್ಲಿ ರಾಜೇಶ್ ರಾವ್ 1997ರಲ್ಲಿ ಶುರುಮಾಡಿದ ಧ್ರುವ ಇಂಟರ್‌ಆಕ್ಟಿವ್ ಹೊರದೇಶದ ಆಟಗಳಿಗೆ ಚಿತ್ರದ ಕೆಲಸ ಮಾಡಿಕೊಡುತ್ತಿತ್ತು. ‘ಫೋರ್ಜಾ’ ಸರಣಿಯ ಕಾರುಗಳ ಕೆಲಸದಲ್ಲಿ ಅವರ ಪಾಲಿದೆ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಶಾಖೆಯಲ್ಲಿ ಸೇರಿಸಿಕೊಂಡಿತು. ತೆರೆಯ ಮೇಲಿನ ಒಂದು ಅಮೆರಿಕನ್ ಬೀದಿಯ ಕಸದ ಡಬ್ಬಿಯೋ ಬಾಗಿಲ ಚಿಲಕವೋ ಬೆಂಗಳೂರಿನ ಕುರ್ಚಿಯಲ್ಲಿ ಕೂತವರು ವಾರಗಟ್ಟಲೆ ಕೆತ್ತಿದ್ದಿರಬಹುದು. ತಾವು ಎಂದೂ ಕಾಣದ ಊರಿನ ತುಕ್ಕನ್ನು ಅಷ್ಟು ನಿಜವಾಗಿ ಬರೆಯುವ ಜನ ಅವರು.

2018ರ ಸೆಪ್ಟೆಂಬರಿನಲ್ಲಿ ಆರ್‌ಟಿಎಕ್ಸ್ ಕಾರ್ಡುಗಳು ಬಂದವು. ವಿಟೆಡ್‌ನ ಕಿರಣವನ್ನು ಬೆನ್ನಟ್ಟುವುದಕ್ಕೆಂದೇ ಅದರಲ್ಲಿ ಪ್ರತ್ಯೇಕ ಭಾಗವಿದೆ. ಕೆಲವೇ ವಾರಗಳಲ್ಲಿ ‘ಬ್ಯಾಟಲ್‌ಫೀಲ್ಡ್ 5’ರ ರಾಟರ್‌ಡಾಮ್ ನಗರದ ನೀರಿನಲ್ಲಿ, ಟ್ರಾಮಿನ ಗಾಜಿನಲ್ಲಿ ಬೆನ್ನ ಹಿಂದಿನ ಬೆಂಕಿ ಪ್ರತಿಫಲಿಸಿತು. ಜುಲೈ ತಿಂಗಳಲ್ಲಿ ರಾತ್ರಿ ಹೊತ್ತು ಗ್ರಾಂಟ್ ರೋಡಿನಿಂದ ಸ್ಟೇಷನ್ನಿಗೆ ನಡೆದವರಿಗೆ ಅದರಲ್ಲಿ ಹೊಸತೇನಿಲ್ಲ, ಪರದೆಗೆ ಹೊಸತು. 2019ರ ಜೂನಿನಲ್ಲಿ ಹಳೆಯ ‘ಕ್ವೇಕ್ 2’ಕ್ಕೇ ಪೂರಾ ಹೊಸ ಬೆಳಕು ಹಾಕಿ ಹಂಚಿದರು. ಆಕಾರ ಅದೇ 1997ರ ಒರಟು ಹಲಗೆ, ಸೈನಿಕನ ಮುಖ ಅದೇ ಮೂಲೆ ಮೂಲೆ. ಆದರೆ ಸೂರ್ಯ ಸರಿದರೆ ಕೋಣೆಯ ಒಳಗಿನ ಬಣ್ಣ ಸರಿಯುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಕೋಣೆಯಲ್ಲಿ ತಂಗಳು ಬೆಳಕು ನೋಡಿದ್ದ ನನಗೆ ಆ ದಿನ ಮಾತು ಹೊರಡಲಿಲ್ಲ. ಒರಟು ಕಲ್ಲಿನ ಮೇಲೆ ನಿಜವಾದ ಬೆಳಕು ಬಿದ್ದರೆ ಕಣ್ಣು ಕಲ್ಲನ್ನು ಒಪ್ಪಿಕೊಳ್ಳುತ್ತದೆ. ನುಣುಪಾದ ಕಲ್ಲಿನ ಮೇಲೆ ಸುಳ್ಳು ಬೆಳಕನ್ನು ಒಪ್ಪುವುದಿಲ್ಲ.

ಹಾಗಂತ ಕಳ್ಳದಾರಿ ಮುಗಿಯಿತು ಅಂದುಕೊಳ್ಳಬೇಡಿ. ಒಂದು ಚುಕ್ಕಿಗೆ ಬಿಡುವ ಕಿರಣ ಈಗಲೂ ಬೆರಳೆಣಿಕೆಯಷ್ಟು. ಬರುವ ಚಿತ್ರ ಮೊದಲಿಗೆ ರಾಗಿ ಚೆಲ್ಲಿದ ಹಾಗೆ ತರಿತರಿ. ಅದನ್ನು ಒರೆಸಿ ನಯ ಮಾಡುವುದು, ಇಲ್ಲದ ಚುಕ್ಕಿಯನ್ನು ತುಂಬುವುದು, ಎರಡು ಚೌಕಟ್ಟಿನ ನಡುವೆ ಮೂರನೆಯದನ್ನು ಸೇರಿಸುವುದು, ಇದಕ್ಕೆಲ್ಲ ಕಲಿಸಿ ತಯಾರು ಮಾಡಿದ ಒಂದು ಊಹೆಯ ಯಂತ್ರ ಒಳಗಿದೆ. 2022ರಲ್ಲಿ ಬಂದ ವಿಧಾನದ ಬಗ್ಗೆ ಎನ್‌ವಿಡಿಯಾ ತಾನೇ ಹೇಳಿದ ಪ್ರಕಾರ ಎಂಟು ಚುಕ್ಕಿಯಲ್ಲಿ ಏಳರವರೆಗೂ ಊಹಿಸಿದ್ದೇ ಇರಬಹುದು. ಮೊದಲು ನಮ್ಮ ತಲೆ ಮಾಡುತ್ತಿದ್ದ ಕೆಲಸವನ್ನು ಈಗ ಕಾರ್ಡು ಮಾಡುತ್ತಿದೆ.

ನಮ್ಮ ಊರಮನೆ 2009ರಲ್ಲಿ ಹೋಯಿತು. ಅಣ್ಣ ಅದೇ ಜಾಗದಲ್ಲಿ ಸ್ಲಾಬಿನ ಮನೆ ಕಟ್ಟಿಸಿದ, ಸೋರುವ ಮಾಡಿನ ಕೆಳಗೆ ಎಷ್ಟು ದಿನ ಅಂತ ಇರುವುದು? ಹಳೆ ಚಾವಡಿಯ ಎರಡು ಫೋಟೋ ಉಳಿದಿವೆ, ಎರಡರಲ್ಲೂ ಫ್ಲ್ಯಾಶ್ ಹೊಡೆದು ಬಿಸಿಲುಕೋಲು ಮಾಯ. ಅಕ್ಕನ ಮಗ ಬೆಂಗಳೂರಿನಲ್ಲಿ ಇದೇ ಚಿತ್ರದ ಕೆಲಸ ಕಲಿಯುತ್ತಿದ್ದವನು, ಅನ್ರಿಯಲ್ ಎಂಜಿನ್ 5ರಲ್ಲಿ ಆ ಚಾವಡಿಯನ್ನು ಕಟ್ಟಲು ಹೊರಟ. ದಿನಾ ಫೋನು. “ಮಾಮ, ಗೋಡೆ ಎಷ್ಟು ಎತ್ತರ? ಪಕ್ಕಾಸು ಎಷ್ಟು? ಗಾಜಿನ ಹೆಂಚು ಎಷ್ಟನೇ ಸಾಲಲ್ಲಿ?” ಲ್ಯಾಪ್‌ಟಾಪ್ ಹಿಡಿದುಕೊಂಡು ಒಂದು ಗಣೇಶ ಚೌತಿಗೆ ಡೊಂಬಿವಲಿಗೇ ಬಂದ, ಅಕ್ಕನೂ ಬಂದಿದ್ದಳು. ಅವನು ಇಲಿಯನ್ನು ಸರಿಸಿ ಹೊತ್ತು ಏರಿಸಿದ. ಹನ್ನೊಂದು ಗಂಟೆ. ಕೋಲು ಇಳಿಯಿತು, ನೆಲಕ್ಕೆ ತಾಗಿತು, ಗೋಡೆಯ ಬುಡ ಕೆಂಪೇರಿತು.

ಅಕ್ಕ ಸ್ವಲ್ಪ ಹೊತ್ತು ನೋಡಿ, “ಬೆಳಕು ಸರಿಯುಂಟು. ತೊಟ್ಟಿಲಿನ ಕೊಕ್ಕೆ ಅಲ್ಲಿರಲಿಲ್ಲ, ಅದು ಬಾಗಿಲಿನ ಈಚೆ” ಎಂದಳು. ಬಾಗಿಲಿನ ಆಚೆ ಎಂದು ನಾನು. ಹುಡುಗ ಎರಡೂ ಕಡೆ ಒಂದೊಂದು ಕೊಕ್ಕೆ ಹಾಕಿಟ್ಟಿದ್ದಾನೆ. ಅಣ್ಣನನ್ನು ಕೇಳಿದರೆ ಕೊಕ್ಕೆ ಇತ್ತೆಂಬುದೇ ಅವನಿಗೆ ನೆನಪಿಲ್ಲವಂತೆ.